ಕನ್ನಡದ ಮೂಲಕ ಜಪಾನಿ ವ್ಯಾಕರಣ

ಜಪಾನಿ ಭಾಷೆಯು (ಜಪಾನಿಯಲ್ಲಿ ನಿಹೊಂಗೊ) ಜಪಾನಿಕ್ ಕುಟುಂಬಕ್ಕೆ ಸೇರಿದ ಭಾಷೆ. ಕನ್ನಡವು ದ್ರಾವಿಡ ಕುಟುಂಬಕ್ಕೆ ಸೇರಿದೆ. ಹೀಗಿದ್ದರೂ ವಾಕ್ಯರಚನೆ, ಪ್ರತ್ಯಯಗಳ ಬಳಕೆ ಮತ್ತು ಕ್ರಿಯಾಪದಗಳ ಜೋಡಣೆಯಲ್ಲಿ ಎರಡಕ್ಕೂ ಗಮನಾರ್ಹ ಹೋಲಿಕೆಗಳಿವೆ. ಕರ್ನಾಟಕದಲ್ಲಿ ಜಪಾನಿ ಕಲಿಕೆಯು ಸಾಮಾನ್ಯವಾಗಿ ಇಂಗ್ಲಿಷ್ ವಿವರಣೆಯುಳ್ಳ ಪುಸ್ತಕಗಳ ಮೂಲಕ ನಡೆಯುತ್ತದೆ. ಇದರಿಂದ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯಂತಹ ಊರುಗಳಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದ ವಿದ್ಯಾರ್ಥಿಯು ತನಗೆ ಹತ್ತಿರವಾದ ರಚನೆಯೊಂದನ್ನು ದೂರದ ಭಾಷೆಯೊಂದರ ಮೂಲಕ ಸುತ್ತಿ ಬಂದು ಕಲಿಯಬೇಕಾಗುತ್ತದೆ. ಈ ಲೇಖನವು ಆರಂಭಿಕ ವ್ಯಾಕರಣವನ್ನೂ ನಿತ್ಯಬಳಕೆಯ ಮಾತುಗಳನ್ನೂ ಕನ್ನಡಕ್ಕೆ ಹೋಲಿಸಿ ವಿವರಿಸುತ್ತದೆ.

ಹೋಲಿಕೆಯಿದ್ದ ಮಾತ್ರಕ್ಕೆ ಭಾಷೆಗಳು ಒಂದೇ ಮೂಲದವು ಎಂದಾಗುವುದಿಲ್ಲ. ಜಪಾನಿನ ವಿದ್ವಾಂಸ ಸುಸುಮು ಓನೊ ಅವರು ಜಪಾನಿಗೂ ತಮಿಳಿಗೂ ಸಂಬಂಧವಿದೆ ಎಂದು ವಾದಿಸಿದ್ದರು. ಬಹುಪಾಲು ಭಾಷಾವಿಜ್ಞಾನಿಗಳು ಆ ವಾದವನ್ನು ಒಪ್ಪಿಲ್ಲ.

ಉಚ್ಚಾರಣೆ ಮತ್ತು ಲಿಪಿ

ಜಪಾನಿಯಲ್ಲಿ ಅ, ಇ, ಉ, ಎ, ಒ ಎಂಬ ಐದು ಸ್ವರಗಳಿದ್ದು, ಪ್ರತಿಯೊಂದಕ್ಕೂ ಹ್ರಸ್ವ ಮತ್ತು ದೀರ್ಘ ಭೇದವಿದೆ. ಒಬಸನ್ ಎಂದರೆ ಅತ್ತೆ ಅಥವಾ ಚಿಕ್ಕಮ್ಮ, ಒಬಾಸನ್ ಎಂದರೆ ಅಜ್ಜಿ. ಒತ್ತಕ್ಷರವೂ ಅರ್ಥವನ್ನು ಬದಲಿಸುತ್ತದೆ: ಕಿತೆ ಎಂದರೆ 'ಬಂದು', ಕಿತ್ತೆ ಎಂದರೆ ಅಂಚೆಚೀಟಿ. ಎ-ಏ, ಒ-ಓ ಭೇದವನ್ನೂ ದ್ವಿತ್ವವನ್ನೂ ಬರೆದು ತೋರಿಸಬಲ್ಲ ಕನ್ನಡ ಲಿಪಿಯು ಈ ಕೆಲಸಕ್ಕೆ ರೋಮನ್ ಲಿಪಿಗಿಂತ ಹೆಚ್ಚು ಅನುಕೂಲಕರ. ಪದಾಂತ್ಯದ ದೆಸು, ಮಸು ಎಂಬಲ್ಲಿನ ಉಕಾರವು ಮಾತಿನಲ್ಲಿ ಬಹುತೇಕ ಕೇಳಿಸದು.

ಹಿರಗನ ಮತ್ತು ಕತಕನ ಎಂಬ ಎರಡು ಅಕ್ಷರಮಾಲೆಗಳಲ್ಲಿ ತಲಾ 46 ಮೂಲಾಕ್ಷರಗಳಿವೆ. ಅ-ಕ-ಸ-ತ-ನ-ಹ-ಮ-ಯ-ರ-ವ ಎಂಬ ಅವುಗಳ ಕ್ರಮವು ಕನ್ನಡ ವರ್ಣಮಾಲೆಯನ್ನು ನೆನಪಿಸುವುದು ಆಕಸ್ಮಿಕವಲ್ಲ. ಬೌದ್ಧ ಧರ್ಮದೊಂದಿಗೆ ಜಪಾನಿಗೆ ತಲುಪಿದ ಸಿದ್ಧಂ ಲಿಪಿ ಹಾಗೂ ಸಂಸ್ಕೃತ ಧ್ವನಿಶಾಸ್ತ್ರದ ಪ್ರಭಾವ ಅದರ ಹಿಂದಿದೆ.

ಮೂರನೆಯದು ಚೀನಾದಿಂದ ಬಂದ ಕಂಜಿ ಅಕ್ಷರಗಳು. ಸಾಮಾನ್ಯ ಬಳಕೆಗೆಂದು ಸರ್ಕಾರವು 2010ರಲ್ಲಿ ಪರಿಷ್ಕರಿಸಿದ ಪಟ್ಟಿಯಲ್ಲಿ 2,136 ಕಂಜಿಗಳಿವೆ. ಕಲಿಕೆಯ ನಿಜವಾದ ಹೊರೆ ಇದೇ. ಇಲ್ಲಿ ಕನ್ನಡ ಹೆಚ್ಚು ನೆರವಾಗದು. ಒಂದೇ ಕಂಜಿಗೆ ಎರಡು ಬಗೆಯ ಓದು ಏಕಿದೆ ಎಂಬುದನ್ನು ಮಾತ್ರ ಕನ್ನಡಿಗರು ಬೇಗ ಗ್ರಹಿಸಬಲ್ಲರು. ಬಿಡಿಯಾಗಿ 'ನೀರು' ಎನ್ನುವ ಕನ್ನಡವು ಸಮಾಸದಲ್ಲಿ 'ಜಲಾಶಯ' ಎನ್ನುವಂತೆ, ನೀರಿನ ಕಂಜಿಯನ್ನು ಬಿಡಿಯಾಗಿ ಮಿಜು ಎಂದೂ ಸಮಾಸದಲ್ಲಿ ಸುಇ ಎಂದೂ ಓದಲಾಗುತ್ತದೆ. ಬೆಟ್ಟ ಮತ್ತು ಗಿರಿಗಳಂತೆ ಯಮ ಮತ್ತು ಸನ್ ಇವೆ. ಫುಜಿಸನ್ ಎಂಬಲ್ಲಿನ ಸನ್ ಗೌರವಸೂಚಕವಲ್ಲ, ಪರ್ವತ.

ವಾಕ್ಯರಚನೆ ಮತ್ತು ವಿಭಕ್ತಿ

ಎರಡೂ ಭಾಷೆಗಳಲ್ಲಿ ಕರ್ತೃ, ಕರ್ಮ, ಕ್ರಿಯೆ ಎಂಬುದು ಸಹಜ ಕ್ರಮ. ವಿಭಕ್ತಿಸೂಚಕಗಳು ನಾಮಪದದ ನಂತರ ಬರುತ್ತವೆ. 'ಹೊಳಲ್ಕೆರೆಯಿಂದ ಚಿತ್ರದುರ್ಗದವರೆಗೆ ಬಸ್ಸಿನಲ್ಲಿ ಹೋಗುತ್ತೇನೆ' ಎಂಬುದು ಜಪಾನಿಯಲ್ಲಿ 'ಹೊಳಲ್ಕೆರೆ ಕರ ಚಿತ್ರದುರ್ಗ ಮದೆ ಬಸು ದೆ ಇಕಿಮಸು' ಎಂದಾಗುತ್ತದೆ. ಪದಗಳ ಸ್ಥಾನ ಎಲ್ಲಿಯೂ ಬದಲಾಗಿಲ್ಲ. 'ಅನ್ನು' ಎಂಬುದಕ್ಕೆ ಒ, ಷಷ್ಠಿಗೆ ನೊ, 'ಜೊತೆ' ಎಂಬುದಕ್ಕೆ ತೊ ಬಳಕೆಯಾಗುತ್ತವೆ. ಪ್ರಶ್ನೆಗೆ ವಾಕ್ಯದ ಕೊನೆಗೆ ಕ ಸೇರಿಸಿದರೆ ಸಾಕು. 'ಅಲ್ಲವೇ' ಎಂಬ ಭಾವಕ್ಕೆ ನೆ ಇದೆ.

ಸಾದೃಶ್ಯವು ಇನ್ನೂ ಆಳಕ್ಕೆ ಹೋಗುತ್ತದೆ. 'ನಾನೂ' ಎಂಬಲ್ಲಿನ ಊಕಾರಕ್ಕೆ ಮೊ ಸಮಾನ: ವತಶಿ ಮೊ. ಇದೇ ಮೊ ಪ್ರಶ್ನಾರ್ಥಕದೊಂದಿಗೆ ಸೇರಿ ನಿಷೇಧ ವಾಕ್ಯದಲ್ಲಿ ಬಂದಾಗ, ಕನ್ನಡದ 'ಯಾರೂ ಬರಲಿಲ್ಲ' ಎಂಬಂತೆಯೇ 'ದರೆ ಮೊ ಕಿಮಸೆನ್ ದೆಶಿತ' ಎಂದಾಗುತ್ತದೆ. 'ಯಾರೋ ಬಂದರು' ಎಂಬಲ್ಲಿನ ಓಕಾರದ ಜಾಗದಲ್ಲಿ ಕ ನಿಲ್ಲುತ್ತದೆ: 'ದರೆಕ ಗ ಕಿಮಶಿತ'. ಅಲ್ಲ-ಇಲ್ಲ ಭೇದವೂ ಹಾಗೆಯೇ. 'ಪುಸ್ತಕ ಅಲ್ಲ' ಎಂಬುದು ಹೊನ್ ದೆವ ಅರಿಮಸೆನ್, 'ಪುಸ್ತಕ ಇಲ್ಲ' ಎಂಬುದು ಹೊನ್ ಗ ಅರಿಮಸೆನ್.

ಕನ್ನಡದ ಸಪ್ತಮಿಯನ್ನು ನೆಚ್ಚಿದವರು ಎಡವುವ ಸ್ಥಳವೊಂದಿದೆ. 'ಹಿರಿಯೂರಿನಲ್ಲಿ ಇದ್ದೇನೆ' ಎನ್ನುವಾಗ ಹಿರಿಯೂರು ನಿ ಇಮಸು ಎಂದೂ, 'ಹಿರಿಯೂರಿನಲ್ಲಿ ಕೆಲಸ ಮಾಡುತ್ತೇನೆ' ಎನ್ನುವಾಗ ಹಿರಿಯೂರು ದೆ ಹತರಕಿಮಸು ಎಂದೂ ಹೇಳಬೇಕು. ಇರುವ ಸ್ಥಳಕ್ಕೆ ನಿ, ಕ್ರಿಯೆ ನಡೆಯುವ ಸ್ಥಳಕ್ಕೆ ದೆ. 'ಇಂದ' ಪ್ರತ್ಯಯವೂ ಎರಡಾಗಿ ಒಡೆಯುತ್ತದೆ: ಊರಿನಿಂದ ಬಂದರೆ ಕರ, ಚಾಕುವಿನಿಂದ ಕತ್ತರಿಸಿದರೆ ದೆ. ಮಾತಿನ ವಿಷಯವನ್ನು ಸೂಚಿಸುವ ವ ಮತ್ತು ಕರ್ತೃವನ್ನು ಸೂಚಿಸುವ ಗ ಇವುಗಳ ನಡುವಿನ ಅಂತರಕ್ಕೆ ಕನ್ನಡದಲ್ಲಿ ನೇರ ಸಮಾನವಿಲ್ಲ. 'ರಾಮನಾದರೆ', 'ರಾಮನಂತೂ' ಎಂಬ ಪ್ರಯೋಗಗಳು ವ ಪ್ರತ್ಯಯದ ಭಾವವನ್ನು ಸ್ವಲ್ಪಮಟ್ಟಿಗೆ ತೋರಬಲ್ಲವು.

ಕ್ರಿಯಾಪದ

ಜಪಾನಿ ಕ್ರಿಯಾಪದಕ್ಕೆ ಲಿಂಗ, ವಚನ, ಪುರುಷಗಳ ಭೇದವಿಲ್ಲ. ಹೋದೆನು, ಹೋದಳು, ಹೋದರು ಎಲ್ಲಕ್ಕೂ ಇಕಿಮಶಿತ ಒಂದೇ ರೂಪ. ವಿನಯದ ಮಾತಿನಲ್ಲಿ ಇಕಿಮಸು ಎಂದರೆ ಹೋಗುತ್ತೇನೆ, ಇಕಿಮಸೆನ್ ಎಂದರೆ ಹೋಗುವುದಿಲ್ಲ, ಇಕಿಮಸೆನ್ ದೆಶಿತ ಎಂದರೆ ಹೋಗಲಿಲ್ಲ. ಭವಿಷ್ಯತ್ತಿಗೆ ಪ್ರತ್ಯೇಕ ರೂಪವಿಲ್ಲ. 'ನಾಳೆ ಹೋಗುತ್ತೇನೆ' ಎನ್ನುವ ಕನ್ನಡಿಗರಿಗೆ ಇದು ಹೊಸದೇನಲ್ಲ.

ಇಂಗ್ಲಿಷ್ ಪುಸ್ತಕಗಳು ಪುಟಗಟ್ಟಲೆ ವಿವರಿಸುವ 'ತೆ' ರೂಪವು ಕಾರ್ಯದಲ್ಲಿ ಕನ್ನಡದ ಭೂತಕೃದ್ವಾಚಿಗೆ ಬಹಳ ಹತ್ತಿರವಾದುದು. 'ಎದ್ದು, ತಿಂಡಿ ತಿಂದು, ಶಾಲೆಗೆ ಹೋದರು' ಎಂಬುದು 'ಒಕಿತೆ, ಅಸಗೊಹನ್ ಒ ತಬೆತೆ, ಗಕ್ಕೋ ನಿ ಇಕಿಮಶಿತ' ಎಂದಾಗುತ್ತದೆ. ಅದರ ಮುಂದೆ ಸಹಾಯಕ ಕ್ರಿಯಾಪದ ಸೇರಿಸುವ ಪದ್ಧತಿಯೂ ಸಮಾನ. 'ತಿಂದು ನೋಡು' ಎಂಬಲ್ಲಿ ಕಣ್ಣಿನ ಕೆಲಸವಿಲ್ಲ, ಪ್ರಯತ್ನದ ಅರ್ಥವಿದೆ. ಜಪಾನಿಯ ತಬೆತೆ ಮಿರು ಎಂಬಲ್ಲಿಯೂ 'ನೋಡು' ಎಂಬರ್ಥದ ಮಿರು ಅದೇ ಕೆಲಸ ಮಾಡುತ್ತದೆ. 'ಮಾಡಿಡು' ಎಂಬುದಕ್ಕೆ ಶಿತೆ ಒಕು, 'ಮಾಡಿಬಿಡು' ಎಂಬುದಕ್ಕೆ ಶಿತೆ ಶಿಮೌ, 'ಬರೆದುಕೊಡು' ಎಂಬುದಕ್ಕೆ ಕೈತೆ ಅಗೆರು ಅಥವಾ ಕೈತೆ ಕುರೆರು ಇವೆ. ಈ ಕೊನೆಯ ಜೋಡಿಯಲ್ಲಿ ಅಗೆರು ಎಂದರೆ ಬೇರೆಯವರಿಗೆ ಕೊಡುವುದು, ಕುರೆರು ಎಂದರೆ ತನಗೆ ಅಥವಾ ತನ್ನವರಿಗೆ ಇತರರು ಕೊಡುವುದು. ಕನ್ನಡದ 'ಕೊಡು' ಈ ಭೇದವನ್ನು ಮಾಡದು.

'ಹಿರಿಯೂರಿನಲ್ಲಿ ಕೊಂಡ ಪುಸ್ತಕ' ಎಂಬುದಕ್ಕೆ ಹಿರಿಯೂರು ದೆ ಕತ್ತ ಹೊನ್ ಎನ್ನುತ್ತಾರೆ. 'ಬರುತ್ತೇನೆ ಎಂದು ಹೇಳಿದರು' ಎಂಬಲ್ಲಿನ 'ಎಂದು' ತೊ ಆಗುತ್ತದೆ: ಕುರು ತೊ ಈಮಶಿತ. ಇಂಗ್ಲಿಷಿಗೆ ಅನುವಾದಿಸಿಕೊಂಡು ಯೋಚಿಸುವವರಿಗೆ ಈ ವಾಕ್ಯಗಳು ತಲೆಕೆಳಗಾಗಿ ಕಾಣುತ್ತವೆ. ಕನ್ನಡದಲ್ಲಿ ಯೋಚಿಸಿದರೆ ನೆಟ್ಟಗೆ ಕಾಣುತ್ತವೆ.

ಭಿನ್ನತೆಗಳನ್ನೂ ಗಮನಿಸಬೇಕು. 'ಇದು ಪುಸ್ತಕ' ಎಂಬಲ್ಲಿ ಕನ್ನಡಕ್ಕೆ ಕ್ರಿಯಾಪದ ಬೇಡ. ಜಪಾನಿಯ ವಿನಯದ ಮಾತಿನಲ್ಲಿ ಕೊರೆ ವ ಹೊನ್ ದೆಸು ಎಂದು ದೆಸು ಬರಬೇಕು. ಸಜೀವಕ್ಕೆ ಇರು, ನಿರ್ಜೀವಕ್ಕೆ ಅರು ಎಂಬ ಭೇದವಿದ್ದು, 'ನಾಯಿ ಇದೆ' ಎನ್ನುವ ಅಭ್ಯಾಸದಿಂದ ನಾಯಿಗೂ ಅರು ಬಳಸುವುದು ತಪ್ಪಾಗುತ್ತದೆ. ಇ-ಕಾರಾಂತ ಗುಣವಾಚಕಗಳು ತಾವೇ ಕಾಲವನ್ನು ಸೂಚಿಸುತ್ತವೆ. ತಕೈ ಎಂದರೆ ಎತ್ತರ ಅಥವಾ ದುಬಾರಿ. 'ದುಬಾರಿಯಾಗಿತ್ತು' ಎನ್ನಲು ತಕಕತ್ತ ದೆಸು ಎನ್ನಬೇಕೇ ಹೊರತು ತಕೈ ದೆಶಿತ ಎನ್ನಬಾರದು.

ಸೂಚಕ ಸರ್ವನಾಮಗಳು ಮೂರು: ಹೇಳುವವರ ಬಳಿ ಕೊರೆ, ಕೇಳುವವರ ಬಳಿ ಸೊರೆ, ಇಬ್ಬರಿಗೂ ದೂರವಾದುದಕ್ಕೆ ಅರೆ. ಇಂದಿನ ಕನ್ನಡದಲ್ಲಿ ಇದು-ಅದು ಮಾತ್ರ ಉಳಿದಿದ್ದರೂ, ಹಳಗನ್ನಡದಲ್ಲಿ ಇವಂ, ಅವಂ ಎಂಬವುಗಳ ನಡುವೆ ಉವಂ ಎಂಬ ರೂಪವೂ ಇತ್ತು.

ನಿತ್ಯಬಳಕೆಯ ಮಾತುಗಳು

ಬೆಳಗಿನ ವಂದನೆಗೆ ಒಹಯೋ ಗೊಜೈಮಸು, ಹಗಲಿಗೆ ಕೊನ್ನಿಚಿವ, ಸಂಜೆಗೆ ಕೊಂಬನ್ವ. ಕೃತಜ್ಞತೆಗೆ ಅರಿಗತೋ ಗೊಜೈಮಸು. ಸುಮಿಮಸೆನ್ ಎಂಬುದು ಕ್ಷಮೆ ಕೇಳಲೂ, ಅಂಗಡಿಯಲ್ಲಿ ಗಮನ ಸೆಳೆಯಲೂ, ಉಪಕಾರ ಸ್ಮರಿಸಲೂ ಸಲ್ಲುತ್ತದೆ. ಊಟಕ್ಕೆ ಮುನ್ನ ಇತದಕಿಮಸು, ನಂತರ ಗೊಚಿಸೋಸಮ ದೆಶಿತ ಎನ್ನುವುದು ವಾಡಿಕೆ.

ಮನೆಯಿಂದ ಹೊರಡುವಾಗ 'ಹೋಗುತ್ತೇನೆ' ಎನ್ನದೆ 'ಹೋಗಿ ಬರುತ್ತೇನೆ' ಎನ್ನುವ ಕನ್ನಡದ ರೂಢಿಯು ಜಪಾನಿಯಲ್ಲಿ ಅಕ್ಷರಶಃ ಇದೆ. ಇತ್ತೆ ಕಿಮಸು ಎಂಬುದರಲ್ಲಿ ಇತ್ತೆ ಎಂದರೆ 'ಹೋಗಿ', ಕಿಮಸು ಎಂದರೆ 'ಬರುತ್ತೇನೆ'. ಮನೆಯಲ್ಲಿರುವವರು ಇತ್ತೆ ರಶ್ಶೈ, ಅಂದರೆ 'ಹೋಗಿ ಬನ್ನಿ' ಎನ್ನುತ್ತಾರೆ. ಅಣ್ಣ, ತಮ್ಮ, ಅಕ್ಕ, ತಂಗಿ ಎಂಬುದಕ್ಕೂ ಅನಿ, ಒತೋತೊ, ಅನೆ, ಇಮೋತೊ ಎಂಬ ನಾಲ್ಕು ಬೇರೆ ಪದಗಳಿವೆ. ಆದರೆ ಪರರ ಮನೆಯವರ ಬಗ್ಗೆ ಹೇಳುವಾಗ ಗೌರವರೂಪ ಬೇಕು: ತನ್ನ ತಂದೆ ಚಿಚಿ, ಇತರರ ತಂದೆ ಒತೋಸನ್. 'ನೀವು' ಎಂಬರ್ಥದ ಅನತ ಪದವನ್ನು ಹಿರಿಯರಿಗೆ ಬಳಸುವುದು ಒರಟುತನವೆನಿಸುತ್ತದೆ. ಹೆಸರಿಗೆ ಸನ್ ಸೇರಿಸಿ ಕರೆಯುವುದೇ ಸರಿ.

ಎಣಿಕೆಯಲ್ಲಿ ಲಕ್ಷ-ಕೋಟಿಗಳಿಲ್ಲ. ಹತ್ತು ಸಾವಿರಕ್ಕೆ ಮನ್ ಎಂಬ ಮಾನವಿದ್ದು, 1 ಲಕ್ಷವು ಜೂ ಮನ್ (ಹತ್ತು ಮನ್) ಆಗುತ್ತದೆ.

ಪರೀಕ್ಷೆ ಮತ್ತು ಉದ್ಯೋಗ

ಜಪಾನಿ ಭಾಷಾ ಸಾಮರ್ಥ್ಯ ಪರೀಕ್ಷೆಯು 1984ರಲ್ಲಿ ಆರಂಭವಾಯಿತು. 2010ರಿಂದ ಅದರಲ್ಲಿ ಎನ್5ರಿಂದ ಎನ್1ರವರೆಗೆ ಐದು ಹಂತಗಳಿವೆ. ಎನ್5 ಅತ್ಯಂತ ಸುಲಭದ್ದು. ಭಾರತದ ಪರೀಕ್ಷಾ ಕೇಂದ್ರಗಳಲ್ಲಿ ಬೆಂಗಳೂರೂ ಒಂದು. ಇದರಲ್ಲಿ ಮಾತನಾಡುವ ಪರೀಕ್ಷೆ ಇಲ್ಲದ ಕಾರಣ, ಉತ್ತೀರ್ಣರಾದವರೆಲ್ಲರೂ ಸರಾಗವಾಗಿ ಮಾತನಾಡಬಲ್ಲರು ಎನ್ನಲಾಗದು. ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಮೋಟಾರ್‌ನಂತಹ ಕಾರ್ಖಾನೆಗಳು ರಾಜ್ಯದಲ್ಲಿ ಈ ಭಾಷೆಗೆ ಬೇಡಿಕೆ ತಂದಿವೆ. ನಿರ್ದಿಷ್ಟ ಕೌಶಲದ ಕಾರ್ಮಿಕರನ್ನು ಜಪಾನಿಗೆ ಕಳುಹಿಸುವ ಒಪ್ಪಂದಕ್ಕೆ ಭಾರತ ಮತ್ತು ಜಪಾನ್ 2021ರ ಜನವರಿಯಲ್ಲಿ ಸಹಿ ಹಾಕಿದವು. ಆ ಯೋಜನೆಯಡಿ ಹೋಗುವವರು ಕೌಶಲ ಪರೀಕ್ಷೆಯ ಜೊತೆಗೆ ಎನ್4 ಹಂತದ ಅಥವಾ ಅದಕ್ಕೆ ಸಮನಾದ ಭಾಷಾ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು.