ಒಂದೇ ವೈರಸ್, ಹಲವು ಹೆಸರು

ರೋಗಕ್ಕೆ ಸರಿಯಾದ ಹೆಸರು ದೊರೆತರೆ ಚಿಕಿತ್ಸೆಯ ದಾರಿಯೂ ದೊರೆಯುತ್ತದೆಂಬುದು ವೈದ್ಯರಾದ ನಮ್ಮ ಅನುಭವ. ಗಣಕಯಂತ್ರದ ವೈರಸ್‌ಗಳ ಚರಿತ್ರೆಯೂ ಇದನ್ನೇ ಹೇಳುತ್ತದೆ.

1987ರಲ್ಲಿ ಜೆರುಸಲೇಮಿನಲ್ಲಿ ಪತ್ತೆಯಾದ ವೈರಸ್ಸೊಂದು, 13ನೆಯ ತಾರೀಖು ಶುಕ್ರವಾರ ಬಿದ್ದ ದಿನ, ನಾವು ತೆರೆದ ಪ್ರೋಗ್ರಾಮುಗಳನ್ನೇ ಅಳಿಸಿಹಾಕುತ್ತಿತ್ತು. ಊರನ್ನು ಕಂಡವರು ಅದನ್ನು ‘ಜೆರುಸಲೇಮ್’ ಎಂದರು. ದಿನವನ್ನು ಕಂಡವರು ‘ಶುಕ್ರವಾರ 13’ ಎಂದರು. ಕಡತಕ್ಕೆ ಸೇರಿದ ಬೈಟುಗಳನ್ನು ಎಣಿಸಿದವರು ‘1813’ ಎಂದರು. ಒಂದು ಹೆಸರಿನಲ್ಲಿ ಹುಡುಕಿದವರಿಗೆ ಇನ್ನೊಂದು ಹೆಸರಿನಡಿ ಬರೆದಿಟ್ಟ ಪರಿಹಾರ ಕೈಗೆ ಸಿಗುವಂತಿರಲಿಲ್ಲ.

ಈ ಗೊಂದಲವನ್ನು ನೀಗಲು 1991ರಲ್ಲಿ ‘ಕ್ಯಾರೋ’ ಎಂಬ ಸಂಶೋಧಕರ ಬಳಗದ ಫ್ರಿಡ್ರಿಕ್ ಸ್ಕುಲಾಸನ್, ಅಲನ್ ಸಾಲೊಮನ್, ವೆಸೆಲಿನ್ ಬೊಂಚೆವ್ ಅವರು ಕುಟುಂಬ, ಗುಂಪು, ಪ್ರಭೇದ, ಉಪಪ್ರಭೇದವೆಂಬ ನಾಮಕ್ರಮವನ್ನು ರೂಪಿಸಿದರು. ರಚನೆಯ ಸಾಮ್ಯವೇ ಕುಟುಂಬಕ್ಕೆ ಆಧಾರವಾಯಿತು. ಆದರೂ ಎಲ್ಲ ಸಂಸ್ಥೆಗಳು ಅದನ್ನು ಒಂದೇ ತೆರನಾಗಿ ಪಾಲಿಸಲಿಲ್ಲ. ಪರ್ಯಾಯ ನಾಮಗಳ ಸೂಚಿಯ ಅಗತ್ಯ ಉಳಿದೇ ಹೋಯಿತು.

ನಮ್ಮ ಮನೆಯ ಔಷಧದ ಡಬ್ಬಿಯ ಕಥೆಯೂ ಬೇರೆಯಲ್ಲ. ಊರಿನಿಂದ ಬಂದ ಕ್ರೋಸಿನ್, ಇಲ್ಲಿನ ಟೈಲೆನಾಲ್ ಎರಡೂ ಪ್ಯಾರಾಸಿಟಮಾಲೇ. ಬೇರೆಬೇರೆಯೆಂದು ಬಗೆದು ಎರಡನ್ನೂ ಪೂರ್ಣ ಪ್ರಮಾಣದಲ್ಲಿ ಸೇವಿಸಿದರೆ ಯಕೃತ್ತಿಗೆ ಅಪಾಯ. ಹಿರಿಯರ ಮಾತ್ರೆಗಳ ಪಟ್ಟಿಯಲ್ಲಿ ಬ್ರ್ಯಾಂಡಿನ ಪಕ್ಕದಲ್ಲಿ ಮೂಲ ಔಷಧದ ಹೆಸರನ್ನೂ ಬರೆದಿಡೋಣ.