ಚಳಿಗಾಲದಲ್ಲಿ ಗುಬ್ಬಿ: ಅಂಗಡಿ ಮುಂದೆ ಹಾಕುವ ಕಾಳು ಎಷ್ಟಿರಬೇಕು?

ಡಿಸೆಂಬರ್, ಜನವರಿಯ ಬೆಳಗ್ಗೆ ಕಿರಾಣಿ ಅಂಗಡಿಯ ಬೋರ್ಡಿನ ಮೇಲೆ ಗುಬ್ಬಿಗಳು ಉಂಡೆಯ ಹಾಗೆ ಉಬ್ಬಿಕೊಂಡು ಕೂತಿರುತ್ತವೆ. ಸಾಮಾನ್ಯವಾಗಿ ಅದು ಕಾಯಿಲೆಯಲ್ಲ. ಪುಕ್ಕದ ನಡುವೆ ಸಿಕ್ಕಿಕೊಂಡ ಗಾಳಿಯೇ ಅವಕ್ಕೆ ಕಂಬಳಿ. ಬೀದರ್, ವಿಜಯಪುರದ ಕಡೆ ರಾತ್ರಿ ಚಳಿ 10 ಡಿಗ್ರಿ ಆಸುಪಾಸಿಗೆ ಇಳಿಯುವುದುಂಟು. 30 ಗ್ರಾಂ ಕೂಡ ತೂಗದ ಈ ಹಕ್ಕಿ ಮೈ ಬಿಸಿಯನ್ನು ಸುಮಾರು 41 ಡಿಗ್ರಿಯಲ್ಲೇ ಇಟ್ಟುಕೊಳ್ಳಬೇಕು. ಹಗಲು ತಿಂದದ್ದು ರಾತ್ರಿಗೇ ಕರಗಿಹೋಗುತ್ತೆ. ಹಾಗಾಗಿ ಬೆಳಗ್ಗೆ ಎದ್ದ ಕೂಡಲೇ, ಸಂಜೆ ಮಲಗುವ ಮುನ್ನ ಸಿಗುವ ಕಾಳಿಗೆ ಬೆಲೆ ಹೆಚ್ಚು.

ಮೊದಲೆಲ್ಲ ಗೋಣಿಚೀಲದಿಂದ ಉದುರಿದ್ದೇ ಸಾಕಾಗುತ್ತಿತ್ತು. ಈಗ ಎಲ್ಲಾ ಪ್ಯಾಕೆಟ್ಟು. ಕಾಳು ಹಾಕುವುದು ಒಳ್ಳೆಯದೇ, ಆದರೆ ನವಣೆ, ಸಜ್ಜೆ ಇಲ್ಲವೇ ಅಕ್ಕಿನುಚ್ಚು ಒಂದು ಹಿಡಿ ಸಾಕು. ಅರ್ಧ ಗಂಟೆಯಲ್ಲಿ ಖಾಲಿಯಾಗಬೇಕು. ಸೇರುಗಟ್ಟಲೆ ಸುರಿದರೆ ಪಾರಿವಾಳ ಮುತ್ತುತ್ತವೆ, ರಾತ್ರಿ ಇಲಿ ಬರುತ್ತವೆ. ಉಪ್ಪು-ಖಾರದ ಮಿಕ್ಸ್ಚರ್ ಬೇಡವೇ ಬೇಡ. ಮಾರಾಟವಾಗದೆ ಬೂಸ್ಟು ಹಿಡಿದ ಕಾಳನ್ನು ಹಕ್ಕಿಗೆ ಎಸೆಯುವವರೂ ಇದ್ದಾರೆ. ಆ ಬೂಸ್ಟು ಹಕ್ಕಿಗೂ ವಿಷವೇ. ತಟ್ಟೆಯಲ್ಲಿ ಹಿಕ್ಕೆ ಬಿದ್ದರೆ ರೋಗ ಹರಡುತ್ತೆ, ದಿನಾ ತೊಳೆಯಬೇಕು. ಪಕ್ಕದಲ್ಲಿ ನೀರೂ ಇರಲಿ.

ಮರಿಗಳ ಲೆಕ್ಕ ಬೇರೆ. ಅವಕ್ಕೆ ಹುಳ ಬೇಕು. ಅದನ್ನು ಅಂಗಡಿಯವರು ಕೊಡಲಾಗದು. ಸುತ್ತಲಿನ ಬೇಲಿ, ದಾಸವಾಳದ ಗಿಡಕ್ಕೆ ಔಷಧಿ ಹೊಡೆಯದಿದ್ದರೆ ಅಲ್ಲೇ ಸಿಗುತ್ತೆ.