ಕೆಂಪು ಬೆಳಕಿಗೆ ನೀಲಿ ಉತ್ತರ

ಕಲ್ಲಿದ್ದಲ ಟಾರಿನಿಂದ ತೆಗೆಯುವ ಆಂಥ್ರಸೀನ್ ಹರಳಿಗೆ ಅತಿನೇರಳೆ ಬೆಳಕು ತಾಗಿದರೆ ಅದು ನೀಲಿಯಾಗಿ ಹೊಳೆಯುತ್ತದೆ. ಟೆಟ್ರಸೀನ್ ಎಂಬ ಹತ್ತಿರದ ನೆಂಟ ಅದರೊಳಗೆ ಚೂರೇ ಚೂರು ಬೆರೆತಿದ್ದರೂ ಸಾಕು, ನೀಲಿ ಅಡಗಿ ಹಳದಿ-ಹಸಿರು ಮೇಲೇಳುತ್ತದೆ. ಬೆಳಕನ್ನು ಹೀರಿದ ಅಣು ಒಂದು, ಹೊರಚೆಲ್ಲಿದ ಅಣು ಇನ್ನೊಂದು! 1930ರ ದಶಕದಲ್ಲಿ ಕೋಲ್ಕತ್ತಾದ ಕೆ.ಎಸ್. ಕೃಷ್ಣನ್ ಮತ್ತು ಪಿ.ಕೆ. ಶೇಷನ್ ಇಂಥ ಕಲಬೆರಕೆ ಹರಳುಗಳನ್ನು ಪರೀಕ್ಷಿಸಿದರು. ಸಾವಯವ ಹರಳುಗಳ ಬಗ್ಗೆ ಕೃಷ್ಣನ್ ಬರೆದ ಲೇಖನಗಳಿಗೆ ಬೆಂಗಳೂರಿನ 'ಕರೆಂಟ್ ಸೈನ್ಸ್' ಪತ್ರಿಕೆಯೂ, ಸಿ.ವಿ. ರಾಮನ್ 1934ರಲ್ಲಿ ಕಟ್ಟಿದ ವಿಜ್ಞಾನ ಅಕಾಡೆಮಿಯ ಸಂಪುಟಗಳೂ ಜಾಗ ಕೊಟ್ಟವು.

ಶಕ್ತಿ ಅಣುವಿನಿಂದ ಅಣುವಿಗೆ ದಾಟುತ್ತದೆ ಎಂಬುದಕ್ಕೆ ರಷ್ಯದ ಫ್ರೆಂಕೆಲ್ 1931ರಲ್ಲೇ ಸಿದ್ಧಾಂತ ಕೊಟ್ಟಿದ್ದರು. ಆ ಸಂಚಾರಿ ಉದ್ರಿಕ್ತ ಸ್ಥಿತಿಯೇ ಎಕ್ಸಿಟಾನ್.

ಎರಡು ಎಕ್ಸಿಟಾನ್‌ಗಳು ಎದುರಾದರೆ? ಅದನ್ನು ನೋಡಲು ಹರಳಿನ ತುಂಬ ಅವು ಒಟ್ಟಿಗೇ ಹುಟ್ಟಬೇಕು. 1960ರಲ್ಲಿ ಮೈಮನ್ ಬೆಳಗಿಸಿದ ಮಾಣಿಕ್ಯದ ಲೇಸರ್ ಅದಕ್ಕೆ ಬೇಕಾದ ತೀವ್ರ ಬೆಳಕಿನ ಕೊರತೆ ನೀಗಿತು. 1963ರಲ್ಲಿ ಅಮೆರಿಕದ ಕೆಪ್ಲರ್ ಮತ್ತು ಸಂಗಡಿಗರು ಅದರ ಕೆಂಪು ಬೆಳಕನ್ನು ಆಂಥ್ರಸೀನ್ ಮೇಲೆ ಹಾಯಿಸಿದಾಗ ಹರಳು ನೀಲಿಯಾಗಿ ಮಿನುಗಿತು. ಕೆಂಪು ಫೋಟಾನಿನ ಶಕ್ತಿ 1.8 ಎಲೆಕ್ಟ್ರಾನ್‌ವೋಲ್ಟ್; ನೀಲಿಗೆ ಬೇಕಾದ್ದು ಸುಮಾರು 3.1. ಒಂದರಿಂದ ಆಗದ ಕೆಲಸ ಎರಡು ಸೇರಿ ಆಗಿತ್ತು. ಕೆಂಪು ಬೆಳಕು ಹರಳಿನಲ್ಲಿ ಟ್ರಿಪ್ಲೆಟ್ ಎಂಬ ಎಕ್ಸಿಟಾನ್‌ಗಳನ್ನು ಹುಟ್ಟಿಸುತ್ತದೆ, ಅದೂ ತೀರ ಜಿಪುಣತನದಿಂದ. ಹಾಗಾಗಿಯೇ ಲೇಸರಿನ ತೀವ್ರತೆ ಬೇಕಾದ್ದು. ಹುಟ್ಟಿದವುಗಳ ಆಯಸ್ಸು ಮಾತ್ರ ಮಿಲಿಸೆಕೆಂಡುಗಳಷ್ಟು ದೀರ್ಘ. ಅಲೆಯುತ್ತ ಎರಡು ಭೇಟಿಯಾಗಿ ಸಿಂಗ್ಲೆಟ್ ಎಂಬ ಹೆಚ್ಚು ಶಕ್ತಿಯ ಒಂದು ಎಕ್ಸಿಟಾನ್ ಆಗಿ ಬೆಸೆಯುತ್ತವೆ, ಅದು ನೀಲಿ ಚೆಲ್ಲುತ್ತದೆ. ಲೇಸರ್ ಆರಿದ ಮೇಲೂ ಹೊಳಪು ಉಳಿದದ್ದೇ ಇದಕ್ಕೆ ಸಾಕ್ಷಿ. ಈ ವಿಷಯದಲ್ಲಿ ಇಷ್ಟು ಚೆಲುವಾದ ಪ್ರಯೋಗ ಮತ್ತೊಂದಿಲ್ಲ.

1965ರಲ್ಲಿ ಕೆನಡಾದಲ್ಲಿ ಎಸ್. ಸಿಂಗ್ ಮತ್ತು ಸಹಲೇಖಕರು ಇದರ ತಿರುವುಮುರುವು ಹಾದಿಯನ್ನು ಸೂಚಿಸಿದರು: ಒಂದು ಸಿಂಗ್ಲೆಟ್ ಒಡೆದು ಎರಡು ಟ್ರಿಪ್ಲೆಟ್. ಶುದ್ಧ ಟೆಟ್ರಸೀನ್ ಹರಳು ಏಕೆ ಮಂಕಾಗಿ ಹೊಳೆಯುತ್ತದೆ ಎಂಬ ಹಳೆಯ ಒಗಟು 1968ರಲ್ಲಿ ಈ ಒಡೆತದಿಂದಲೇ ಬಗೆಹರಿಯಿತು. ಕೃಷ್ಣನ್ ಕಾಲದಲ್ಲಿ ಬರೀ ಕಲಬೆರಕೆಯಾಗಿದ್ದ ವಸ್ತು ಈಗ ತಾನೇ ಕಥಾನಾಯಕ.

ಮುಂದೆ ದಶಕಗಳ ಮೌನ. ಸೌರಕೋಶದ ಆಸೆ ಅದನ್ನು ಮುರಿಯಿತು. ಒಂದೇ ಅರೆವಾಹಕದ ಕೋಶ ಸೂರ್ಯನ ಶಕ್ತಿಯಲ್ಲಿ ಹೆಚ್ಚೆಂದರೆ ಸುಮಾರು ಶೇಕಡ 33ರಷ್ಟನ್ನು ಮಾತ್ರ ವಿದ್ಯುತ್ತಾಗಿಸಬಲ್ಲದು. ಒಂದು ಫೋಟಾನ್ ಎರಡು ಎಕ್ಸಿಟಾನ್ ಕೊಟ್ಟರೆ ಆ ಮಿತಿಯನ್ನು ಮೀರುವ ದಾರಿಯಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸತೀಶ್ ಪಾಟೀಲ್ ತಂಡ ಈ ಒಡೆತವನ್ನು ಡೈಕೀಟೋಪಿರೋಲೋಪಿರೋಲ್ ಅಣುಗಳಲ್ಲಿ ಹುಡುಕಿದೆ. ಕಾರುಗಳ ಕೆಂಪು ಬಣ್ಣಕ್ಕೆ ಬಳಸುವ ವರ್ಣದ್ರವ್ಯಗಳ ಕುಟುಂಬವದು. ಟೆಟ್ರಸೀನಿನ ನೆಂಟ ಪೆಂಟಸೀನ್‌ನ ಹರಳಿನಲ್ಲಿ ಈ ಒಡೆತ ಸುಮಾರು 80 ಫೆಮ್ಟೊಸೆಕೆಂಡಿನಲ್ಲಿ ಮುಗಿದುಹೋಗುತ್ತದೆ, ಆದ್ದರಿಂದ ಅದನ್ನು ಹಿಡಿಯಲು ಅಷ್ಟೇ ಕಿರಿದಾದ ಲೇಸರ್ ಮಿಡಿತಗಳು ಬೇಕು.